ಒಂಬತ್ತು ಗ್ರಾಂ

ಹೊಸದು ನೂರಾ ನಲವತ್ತು, ಹಳೇದು ಅರವತ್ತು,
ಹಲ್ಲು ಮುರಿದದ್ದು ಇಪ್ಪತ್ತಕ್ಕೂ ಐತಿ ನೋಡು —
ಮಂಡಿಪೇಟೆಯ ಮಹಡಿ ಮೆಟ್ಟಿಲ ಕೆಳಗೆ
ಜಬೀವುಲ್ಲಾ ಬಿಸ್ಕತ್ತಿನ ಡಬ್ಬಿ ಮಗುಚುತ್ತಾನೆ.
ನೀಲಿ ನೀಲಿ ಸರ್ವೋಗಳು. ಕಿವಿಯಂಥ ಎರಡು ರೆಕ್ಕೆ,
ಮೂರೆಳೆ ಬಾಲ: ಕಂದು, ಕೆಂಪು, ಕಿತ್ತಳೆ.
ಒಂದೊಂದೂ ಒಂಬತ್ತೇ ಗ್ರಾಂ.
ಚಿನ್ನವಾಗಿದ್ದರೆ ಮದುವೆ ಮಾತಾಡಬಹುದಾದ ತೂಕ.

ಜೂನ್ ಬರಲಿ ಅಂತ ಕಾಯುವವನು ನಾನು,
ಮಳೆಗಲ್ಲ.
ಕಾಲೇಜು ಹುಡುಗರ ಪ್ರಾಜೆಕ್ಟು ಮುಗಿದು
ವೈವಾದ ದಿನ ಒಮ್ಮೆ ಕೈಯೆತ್ತಿ ನಮಸ್ಕಾರ ಮಾಡಿದ ರೋಬೋಟು
ಮಾರನೇ ದಿನ ಬಿಡಿಬಿಡಿಯಾಗಿ ಈ ಡಬ್ಬಿಗೆ ಬೀಳುತ್ತದೆ.
ಹೋದ ವರ್ಷ ಹರಿಹರದ ಹುಡುಗಿ, ಸಿಂಚನಾ,
ಆರು ಚಾನೆಲಿನ ರಿಮೋಟು ತಂದಿದ್ದಳು,
ಏರಿಯಲ್ಲಿನ ತುದಿಗೆ ಉಗುರುಬಣ್ಣ ಬಳಿದದ್ದು.
ರಿಸೀವರ್ ಕಳೆದುಹೋಗಿದೆ ಅಂದಳು.
ಬಾಯಿ ಐತಿ, ಕಿವಿ ಇಲ್ಲ. ಅದಕ್ಕೇ ಅಗ್ಗ.
ಆರುನೂರಕ್ಕೆ ಕೊಂಡೆ.
ಅದೇ ಕಂಪನಿಯ ಕಿವಿ ಸಿಗಲು ಹನ್ನೊಂದು ತಿಂಗಳು ಹಿಡಿಯಿತು.

ಪಿ.ಬಿ. ರೋಡಿನಲ್ಲಿ ಆಟೋ ವೈರಿಂಗು ನನ್ನ ಕಸುಬು. ಹಾರ್ನು, ಲೈಟು, ಮೀಟರು.
ಟ್ಯಾಂಕೇ ಯಾಕೆ ಅಂತ ಮನೆಯಾಕೆ ಕೇಳಿದಾಗ
ಸರಿಯಾಗಿ ಹೇಳಲು ಬರಲಿಲ್ಲ.
ಕಾರಿಗೆ ರಸ್ತೆ ಬೇಕು, ವಿಮಾನಕ್ಕೆ ದುಡ್ಡು ಬೇಕು;
ಇದು ತನ್ನ ದಾರಿ ತಾನೇ ಹಾಸಿ, ಅದರ ಮೇಲೆ ನಡೆದು,
ಹಿಂದಿನಿಂದ ಸುತ್ತಿಕೊಂಡು ಮತ್ತೆ ಮುಂದೆ ಹಾಸುತ್ತದಲ್ಲ,
ಚಾಪೆ ಹೊತ್ತು ತಿರುಗುವವನ ಹಾಗೆ —
ಅಷ್ಟೇ.
ಮೈಗೆ ಬಾದಾಮಿ ಪುಡಿಯ ಡಬ್ಬಿ, ಪಟ್ಟಿಗೆ ಸೈಕಲ್ ಟ್ಯೂಬು,
ತೋಪಿಗೆ ಮುಗಿದ ಪೆನ್ನು.

ಸರ್ವೋಗೆ ಒಂದು ಹಟ. ಅರ್ಧ ಸುತ್ತಿಗೆ ನಿಲ್ಲುತ್ತದೆ,
ಗೇರಿನಲ್ಲೊಂದು ಗೂಟ, ದಾಟಗೊಡದು.
ಒಳಗೊಂದು ಪಾಟ್ ಕೂತು ಗಳಿಗೆ ಗಳಿಗೆಗೂ
ಎಲ್ಲಿದ್ದಿ, ಈಗ ಎಲ್ಲಿದ್ದಿ, ಅಂತ ಕೇಳುತ್ತದೆ,
ಹತ್ತಿಮಿಲ್ಲಿನ ಗೇಟಿನಲ್ಲಿ ಅಪ್ಪನ ಟೋಕನ್ ಬರೆದುಕೊಳ್ಳುತ್ತಿದ್ದ
ಟೈಂಕೀಪರನ ಹಾಗೆ.
ಚಕ್ರವಾಗಬೇಕಾದರೆ ಗೂಟವನ್ನು ಬ್ಲೇಡಿನಲ್ಲಿ ಕೊಯ್ಯಬೇಕು,
ಪಾಟ್ ಕಿತ್ತು ಎರಡು ಸಮ ರೆಸಿಸ್ಟರು ಬೆಸೆಯಬೇಕು.
ಆಮೇಲೆ ಅದಕ್ಕೆ ತಾನು ಸದಾ ನಡುವಿನಲ್ಲೇ ಇರುವೆನೆಂಬ ನಂಬಿಕೆ.
ಎಷ್ಟು ಸುತ್ತಿದರೂ ಇನ್ನೂ ಹೊರಟೇ ಇಲ್ಲ ಅಂದುಕೊಂಡು
ಸುತ್ತುತ್ತಲೇ ಇರುತ್ತದೆ.
ಮೊದಲನೆಯದಕ್ಕೆ ಮಾಡುವಾಗ ಪಾಪ ಅನ್ನಿಸಿತು.
ಎರಡನೆಯದಕ್ಕೆ ಅನ್ನಿಸಲಿಲ್ಲ.

ಆಜಾದ್ ನಗರದ ಮಂಡಕ್ಕಿ ಭಟ್ಟಿ.
ಕುದಿಸಿದ ಭತ್ತ ಅಂಗಳದ ತುಂಬ, ಹಬೆ ಇನ್ನೂ ಆರಿಲ್ಲ.
ಪ್ಯಾರಿಮಾ ಕಾಲೆಳೆಯುತ್ತ ಸಾಲು ಬಿಡಿಸುತ್ತಿದ್ದಾಳೆ.
"ಬಿಡೋ ಕೊಟ್ರೇಶಿ ನಿನ್ನ ಗಾಡಿ,
ನನ್ನ ಮೊಣಕಾಲಿಗೆ ಒಂದಿನ ರಜಾ ಸಿಗಲಿ."
ಬಿಟ್ಟೆ.
ಎಡಗೋಲು ಮುಂದೆ, ಬಲಗೋಲು ಮುಂದೆ,
ಹೋಯಿತು! ಹಿಂದೆ ಎರಡು ಗೆರೆ,
ಸ್ಲೇಟು ಹಿಡಿದ ಮೊದಲ ದಿನದ ಸೊಟ್ಟ.
ಜರಡಿಯವರು ಜರಡಿ ಕೆಳಗಿಟ್ಟರು.
ತೋಪು ಗುಬ್ಬಿಗಳ ಕಡೆ ತಿರುಗಿತು; ಅವು ಹಾರಲಿಲ್ಲ.
ಎಂಟು ಅಡಿ. ಒಂಬತ್ತು.
ಆಮೇಲೆ ಒಂದು ಕಾಳು, ಒಂದೇ ಕಾಳು,
ಬಲಪಟ್ಟಿಗೆ ಸಿಕ್ಕು ಒಳಗೆ ಕಟಕಟ ಅಂದಿತು.
ಎಡಗಡೆಯದು ಮಾತ್ರ ನಂಬಿಕೆ ಬಿಡದೆ ಎಳೆಯುತ್ತ
ಟ್ಯಾಂಕು ನಿಂತಲ್ಲೇ ಗಿರಗಿರ ತಿರುಗಿ
ಭತ್ತದಲ್ಲೊಂದು ಬೋಗುಣಿ ಕೊರೆಯಿತು.

ಕೋಳಿಮರಿಯ ಹಾಗೆ ಅದನ್ನೆತ್ತಿ ಹಿಡಿದು
"ಎಷ್ಟಾತೋ ಇದಕ್ಕೆ?" ಅಂದಳು.
ಅರ್ಧ ಹೇಳಿದೆ. ಮನೆಯಲ್ಲಿ ಕಾಲು ಹೇಳಿದ್ದೆ.
ಬೋಗುಣಿಯನ್ನು ಅವಳ ಕಾಲು ಒಂದೇ ಎಳೆತಕ್ಕೆ ಮುಚ್ಚಿತು.

ಲೋಹದ ಹಲ್ಲಿನದು ಹದಿಮೂರೂವರೆ ಗ್ರಾಂ, ಇನ್ನೂರಾ ಇಪ್ಪತ್ತು.
"ಅದು ಹಳೇದು ಸಿಗಂಗಿಲ್ಲ, ಇದ್ದವರು ಮಾರಂಗಿಲ್ಲ,"
ಜಬೀವುಲ್ಲಾ ಡಬ್ಬಿಗೆ ಮುಚ್ಚಳ ಒತ್ತುತ್ತಾನೆ.
ನಮ್ಮಿಬ್ಬರ ನಡುವೆ ಪೇಪರಿನ ಮೇಲೆ
ಪ್ಯಾರಿಮಾ ಕಟ್ಟಿಕೊಟ್ಟ ಮಂಡಕ್ಕಿ.
ಬೈಕಿನ ಕೀಲಿಯಿಂದ ಗೇರಿನೊಳಗಿನ ಹೊಟ್ಟು ಬಿಡಿಸುತ್ತೇನೆ,
ಹಲ್ಲು ಎಣಿಸುತ್ತೇನೆ. ಮೂರು ಹೋಗಿವೆ.
ಮೆಣಸಿನಕಾಯಿ ಯಾಕೆ ತರಲಿಲ್ಲ
ಅಂತ ಅವನು ಕೇಳುತ್ತಾನೆ.